ಬಿ.ಜಿ. ಕೆರೆಯ ಚುಕ್ಕಿ, ಚಿತ್ರದುರ್ಗದ ಅರ್ಕಾವತ್ತು

‘ಬಿ.ಜಿ. ಕೆರೆಯಿಂದ ಚಳ್ಳಕೆರೆಗೆ ಬಸ್ ಇದೆ.’ ಓದುವವರಿಗೆ ಇದು ಒಂದೇ ವಾಕ್ಯ. ಚುಕ್ಕಿ ಕಂಡಲ್ಲೆಲ್ಲ ವಾಕ್ಯ ಮುಗಿಯಿತೆಂದು ಬಗೆಯುವ ತಂತ್ರಾಂಶಕ್ಕೆ ಮಾತ್ರ ಇದು ಮೂರು ತುಂಡು: ‘ಬಿ’, ‘ಜಿ’, ಆಮೇಲೆ ಉಳಿದದ್ದು. ಗಟ್ಟಿಯಾಗಿ ಓದಿ ಹೇಳುವ ಆ್ಯಪ್ ಇಂಥ ನಿಯಮವನ್ನು ನೆಚ್ಚಿಕೊಂಡರೆ ಊರಿನ ಹೆಸರಿನೊಳಗೇ ಎರಡು ಸಲ ನಿಲ್ಲುತ್ತದೆ. ಅನುವಾದದ ಯಂತ್ರವಾದರೆ ಹೆಸರಿನಿಂದ ‘ಕೆರೆ’ಯನ್ನು ಬೇರ್ಪಡಿಸಿ ನೀರಿನ ಕೆರೆ ಮಾಡಿಬಿಡಬಹುದು.

ನಿಯಮ ತಿದ್ದುವುದು ಕಷ್ಟವಲ್ಲ. ಆದರೆ ತಿದ್ದಿದ್ದು ನಾಳೆಯೂ ಉಳಿಯಬೇಕಲ್ಲ? ಮುಕ್ತ ತಂತ್ರಾಂಶದ ಲೈಬ್ರರಿಯೆಂದರೆ ಬೇರೆ ಬೇರೆ ದೇಶಗಳ ಕೈಗಳು ಮುಟ್ಟುವ ಸಂಕೇತರಾಶಿ. ಕನ್ನಡ ಬಾರದವರು ಒಳ್ಳೆಯ ಉದ್ದೇಶದಿಂದಲೇ ಒಂದು ಸಾಲು ಬದಲಿಸುತ್ತಾರೆ, ಬಿ.ಜಿ. ಕೆರೆ ಮತ್ತೆ ತುಂಡಾಗುತ್ತದೆ. ಅದಕ್ಕೇ ಈ ವಾಕ್ಯವನ್ನೂ ಅದಕ್ಕೆ ಬರಬೇಕಾದ ಸರಿಯುತ್ತರವನ್ನೂ ಲೈಬ್ರರಿಯ ಜೊತೆಯಲ್ಲೇ ಬರೆದಿಡುತ್ತಾರೆ. ಯಾರು ಏನೇ ಬದಲಿಸಿದರೂ ಯಂತ್ರ ಮೊದಲು ಇವನ್ನೆಲ್ಲ ಓಡಿಸಿ ನೋಡುತ್ತದೆ. ಇದೇ ಟೆಸ್ಟ್ ಡೇಟಾ, ಪರೀಕ್ಷಾ ದತ್ತಾಂಶ. ಒಳ್ಳೆಯ ಪರೀಕ್ಷೆಗೆ ಎದುರು ಉದಾಹರಣೆಯೂ ಬೇಕು. ‘ಅವನ ಇನಿಷಿಯಲ್ ಬಿ.ಜಿ. ಕೆರೆ ಒಣಗಿದೆ ಎಂದವನೂ ಅವನೇ.’ ಇಲ್ಲಿ ‘ಜಿ’ಯ ಮುಂದಿನ ಚುಕ್ಕಿ ನಿಜವಾಗಿಯೂ ವಾಕ್ಯದ ಕೊನೆ. ಎರಡನ್ನೂ ಸರಿಯಾಗಿ ಬಿಡಿಸುವ ತಂತ್ರಾಂಶವೇ ಕನ್ನಡ ಬಲ್ಲದ್ದು.

ಇದಕ್ಕಿಂತ ಆಳದ ಕೆಲಸ ಅಕ್ಷರ ಜೋಡಣೆಯದು. ಆಂಡ್ರಾಯ್ಡ್ ಫೋನು, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಇವುಗಳಲ್ಲಿ ಕನ್ನಡ ಅಕ್ಷರಗಳನ್ನು ಒತ್ತು, ಗುಣಿತಗಳೊಡನೆ ಜೋಡಿಸಿಕೊಡುವುದು ಹಾರ್ಫ್‌ಬಝ್ ಎಂಬ ಮುಕ್ತ ಲೈಬ್ರರಿ. ನಮ್ಮ ಜಿಲ್ಲೆಯ ಹೆಸರೇ ಅದಕ್ಕೊಂದು ಪರೀಕ್ಷೆ. ‘ಚಿತ್ರದುರ್ಗ’ದಲ್ಲಿ ‘ರ’ ಎರಡು ವೇಷದಲ್ಲಿದೆ: ‘ತ್ರ’ದಲ್ಲಿ ಕೆಳಗಿನ ಒತ್ತಾಗಿ, ‘ರ್ಗ’ದಲ್ಲಿ ಅರ್ಕಾವತ್ತಾಗಿ. ಉಚ್ಚಾರದಲ್ಲಿ ಗಕಾರಕ್ಕಿಂತ ಮೊದಲು ಬರುವ ರೇಫ ಬರಹದಲ್ಲಿ ಅದರ ನಂತರ ಕೂರುತ್ತದೆ. ಕಂಪ್ಯೂಟರಿನೊಳಗೆ ಉಚ್ಚಾರದ ಕ್ರಮ, ತೆರೆಯ ಮೇಲೆ ಬರಹದ ಕ್ರಮ. ಈ ಸ್ಥಾನಪಲ್ಲಟವೇ ಲೈಬ್ರರಿಯ ಹೊಣೆ.

ತೊಡಕು ಬಂದದ್ದು ‘ರ‍್ಯಾಂಕ್’, ‘ರ‍್ಯಾಲಿ’ಗಳಂಥ ಪದಗಳಿಂದ. ‘ಸೂರ್ಯ’ದಲ್ಲಿ ಅರ್ಕಾವತ್ತು ಬೇಕು, ‘ರ‍್ಯಾಂಕ್’ನಲ್ಲಿ ಇಡೀ ರಕಾರ ನಿಂತು ಯ ಒತ್ತಾಗಬೇಕು. ಇದನ್ನು ಯಂತ್ರಕ್ಕೆ ತಿಳಿಸಲು ಕಣ್ಣಿಗೆ ಕಾಣದ ‘ಜೀರೊ ವಿಡ್ತ್ ಜಾಯಿನರ್’ ಎಂಬ ಸಂಕೇತವಿದೆ. ಯೂನಿಕೋಡ್ ಪ್ರಕಾರ ಅದು ರಕಾರದ ನಂತರ, ಹಲಂತಕ್ಕಿಂತ ಮೊದಲು ಬರಬೇಕು. ಹಳೆಯ ಕಡತಗಳಲ್ಲಿ ಅದು ಹಲಂತದ ನಂತರ ಕೂತಿರುವುದೂ ಉಂಟು. ಹಳೆಯ ಬರಹವನ್ನು ಕೈಬಿಡಲಾಗದು ಎಂದು ಹಾರ್ಫ್‌ಬಝ್ ಬಳಗ 435ನೇ ಸಂಖ್ಯೆಯ ದೂರಿನಲ್ಲಿ ಒಪ್ಪಿತು. ಕನ್ನಡಕ್ಕೆಂದೇ ಒಂದು ಪುಟ್ಟ ತುಣುಕು ಸೇರಿತು: ಇಂಥ ಕಡೆ ಎರಡೂ ಸಂಕೇತಗಳ ಜಾಗ ಅದಲುಬದಲು ಮಾಡು. ಪರೀಕ್ಷೆಯ ಕಾವಲಿಲ್ಲದಿದ್ದರೆ ‘ಇದೇನು, ಕನ್ನಡಕ್ಕೊಂದೇ ವಿನಾಯಿತಿ?’ ಎಂದು ಯಾರಾದರೂ ಒಂದು ದಿನ ಅದನ್ನು ಅಳಿಸಿಯಾರು. ನನ್ನ ಮಟ್ಟಿಗೆ ಆ ಕೆಲವು ಸಾಲುಗಳು ದೊಡ್ಡ ಭಾಷಾಸೇವೆ.

ಪರೀಕ್ಷೆಗೊಂದು ಫಾಂಟೂ ಬೇಕು. ಒಂದೊಂದು ಪದಕ್ಕೂ ಇಡೀ ಫಾಂಟ್ ಸೇರಿಸುತ್ತ ಹೋದರೆ ಲೈಬ್ರರಿ ಊದಿಕೊಳ್ಳುತ್ತದೆ. ಸಂಕೇತರಾಶಿಯ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್ ವ್ಯವಸ್ಥೆಯಲ್ಲಿ ಆಮೇಲೆ ಅಳಿಸಿದ ಕಡತವೂ ಚರಿತ್ರೆಯಲ್ಲಿ ಉಳಿದಿರುತ್ತದೆ, ಪೂರ್ತಿ ಪ್ರತಿ ಇಳಿಸಿಕೊಳ್ಳುವವರೆಲ್ಲ ಆ ಭಾರ ಹೊರಬೇಕು. ಹಾರ್ಫ್‌ಬಝ್‌ನವರು ಆ ಪದಕ್ಕೆ ಬೇಕಾದ ಅಕ್ಷರರೂಪಗಳನ್ನಷ್ಟೇ ಉಳಿಸಿ ಫಾಂಟನ್ನು ಕತ್ತರಿಸಿಡುತ್ತಾರೆ. ಅದರೊಳಗಿನ ಮಾಹಿತಿಯಿಂದಲೇ ಲೆಕ್ಕಹಾಕಿದ 40 ಅಕ್ಷರಗಳ ಗುರುತನ್ನೇ ಹೆಸರಾಗಿ ಇಡುತ್ತಾರೆ. ಒಳಗೆ ಒಂದು ಬೈಟ್ ಬದಲಾದರೂ ಹೆಸರು ಹೊಂದುವುದಿಲ್ಲ. ಪರೀಕ್ಷೆ ಮಾತ್ರ ಒಂದೇ ಸಾಲು: ಯಾವ ಫಾಂಟ್, ಯಾವ ಸಂಕೇತಗಳು, ಯಾವ ರೂಪಗಳು ಬರಬೇಕು.

ಹೀಗೆ ಕಟ್ಟುನಿಟ್ಟಾಗಿರುವುದು ಏಕೆ ಬೇಕೆಂದು 2024ರ ಮಾರ್ಚ್ 29ರಂದು ಜಗತ್ತಿಗೆ ತಿಳಿಯಿತು. ಲಿನಕ್ಸ್‌ನಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಝೆಡ್ ಎಂಬ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿ ಸೇರಿತ್ತು. ಅದನ್ನು ಅಡಗಿಸಿದ್ದು ಪರೀಕ್ಷಾ ಕಡತಗಳಲ್ಲೇ. ‘ಕೆಟ್ಟುಹೋದ ಕಡತ ಬಂದರೆ ಹೇಗೆ ವರ್ತಿಸುತ್ತದೆ ನೋಡೋಣ’ ಎಂಬ ನೆಪದಲ್ಲಿ ಇಟ್ಟ ಕಡತವನ್ನು ತೆರೆದು ಓದುವವರು ಯಾರು? ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿದ್ದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಯೋಜನೆಗೆ ದುಡಿದು ವಿಶ್ವಾಸ ಗಳಿಸಿದ್ದರು. ಸರ್ವರ್‌ಗೆ ಲಾಗಿನ್ ಆಗುವುದು ಅರ್ಧ ಸೆಕೆಂಡಿನಷ್ಟು ತಡವಾಯಿತೆಂದು ಬೆನ್ನುಹತ್ತಿದ ಆ್ಯಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಬಯಲಿಗೆಳೆದರು. ಪರೀಕ್ಷಾ ಕಡತ ಎಲ್ಲಿಂದ ಬಂತು, ಹೇಗೆ ತಯಾರಾಯಿತು ಎಂದು ಬರೆದಿಡದ ಲೈಬ್ರರಿಯನ್ನು ನಂಬುವುದು ಇನ್ನು ಸಾಧ್ಯವಿಲ್ಲ.

ಇನ್ನೊಂದು ಅಪಾಯ ನಮ್ಮ ಕೈಯಲ್ಲೇ ಇದೆ. ರೈತರಿಗಾಗಿ ಆ್ಯಪ್ ಕಟ್ಟುವ ಹುಡುಗರು ಪರೀಕ್ಷೆಗೆಂದು ನಿಜವಾದ ಪಹಣಿ, ಫೋನ್ ನಂಬರ್, ಆಧಾರ್ ಸಂಖ್ಯೆಗಳ ಪಟ್ಟಿಯನ್ನೇ ಸೇರಿಸಿದರೆ ಅದು ಎಲ್ಲರಿಗೂ ಬಯಲು. ಮೇಲೆ ಹೇಳಿದ ಗಿಟ್ ಚರಿತ್ರೆ ಇಲ್ಲಿ ಇನ್ನೂ ಕ್ರೂರ: ಒಮ್ಮೆ ಹೊರಬಿದ್ದ ಪಟ್ಟಿ ಎಷ್ಟು ಪ್ರತಿಗಳಾಗಿ ಎಲ್ಲಿ ಕೂತಿದೆಯೆಂದು ಹೇಳುವಂತಿಲ್ಲ. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಹೆಸರು, ಸರ್ವೆ ನಂಬರ್ ಎಲ್ಲವನ್ನೂ ಕಟ್ಟಿ ಬರೆಯಿರಿ, ಕನ್ನಡದ ತೊಡಕುಗಳನ್ನು ಮಾತ್ರ ನಿಜವಾದದ್ದೇ ಇಡಿ. ಪತ್ರಿಕೆಯ ಲೇಖನವನ್ನೋ ಕಾದಂಬರಿಯ ಪುಟವನ್ನೋ ಎತ್ತಿ ಹಾಕುವುದೂ ಸಲ್ಲದು, ಹಕ್ಕು ಲೇಖಕರದು.

ಊರ ಹೆಸರಿಗೆ ಯಾರ ಅಪ್ಪಣೆಯೂ ಬೇಡ. ಮೊಳಕಾಲ್ಮೂರಿನ ‘ಲ್ಮೂ’, ಚಳ್ಳಕೆರೆಯ ‘ಳ್ಳ’, ಅಶೋಕನ ಶಾಸನವಿರುವ ಬ್ರಹ್ಮಗಿರಿಯ ‘ಬ್ರ’ ಮತ್ತು ‘ಹ್ಮ’, ಅಂತರವಿಟ್ಟೂ ಇಡದೆಯೂ ಬರೆಯುವ ಬಿ.ಜಿ. ಕೆರೆ: ಎಲ್ಲವೂ ಸಿದ್ಧ ಪರೀಕ್ಷೆಗಳೇ. ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕುಗಳಲ್ಲಿ ಕಂಪ್ಯೂಟರ್ ಓದುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಫೋನಿನಲ್ಲಿ ಕನ್ನಡ ತಪ್ಪಾಗಿ ಮೂಡಿದರೆ ಸುಮ್ಮನಾಗಬೇಡಿ. ಆ ಪದವನ್ನು ಚಿತ್ರವಾಗಿ ಮಾತ್ರವಲ್ಲ, ಅಕ್ಷರಗಳಲ್ಲೇ ಟೈಪ್ ಮಾಡಿ ಲೈಬ್ರರಿಯವರಿಗೆ ಕಳಿಸಿ. ಯಾವ ಫಾಂಟ್, ಯಾವ ಆವೃತ್ತಿ, ಸರಿಯಾದ ರೂಪ ಯಾವುದು ಎಂದು ಜೊತೆಗೆ ಬರೆಯಿರಿ.