ಬಚ್ಚಲುಮನೆ ನೋಡಿದ ಮೇಲೇ ಅಡ್ವಾನ್ಸ್ ಕೊಡಿ

ರಜೆ ಹತ್ತಿರ ಬಂದರೆ ಸಾಕು, ಲಿಂಗಸುಗೂರಿನ ನಮ್ಮ ಓಣಿಯಲ್ಲಿ ಒಂದೇ ಮಾತು, ‘ಈ ಸಲ ಎಲ್ಲಿಗೆ ಹೊಂಟೀರಿ?’ ಮೊದಲೆಲ್ಲ ರಜೆ ಅಂದರೆ ತವರುಮನೆ. ಈಗಿನ ಮಕ್ಕಳಿಗೆ ಗದ್ದೆ ನಡುವಿನ ಗುಡಿಸಲು ಬೇಕು, ನದಿ ಬೇಕು, ಈಜುಕೊಳವೂ ಬೇಕು. ಮಸ್ಕಿ, ಸಿಂಧನೂರು, ಕಾರಟಗಿ ದಾಟಿ ಗಂಗಾವತಿ ಕಡೆಗೆ ಹೋದರೆ ಆನೆಗೊಂದಿ, ಸಾಣಾಪುರದ ಸುತ್ತ ಹೋಮ್‌ಸ್ಟೇಗಳಿಗೇನೂ ಬರವಿಲ್ಲ. ಅಡುಗೆಮನೆಯಿಂದ ಎರಡು ದಿನ ಬಿಡುಗಡೆ ಸಿಕ್ಕರೆ ನಮಗೂ ಬೇಡವೇ?

ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ನಾವೂ ಇಂಥದೊಂದು ಜಾಗಕ್ಕೆ ಹೋಗಿದ್ದೆವು. ಯಾವುದು ಅನ್ನುವುದು ಬೇಡ ಬಿಡಿ. ರಾತ್ರಿ ಕೈಕಾಲು ತೊಳೆಯಲು ಹೋದಾಗ ಬಚ್ಚಲುಮನೆ ಒಳಗೇ ಗ್ಯಾಸ್ ಗೀಸರ್ ಇದ್ದದ್ದನ್ನು ನೋಡಿದೆ. ಇದ್ದ ಒಂದೇ ಕಿಂಡಿಗೆ ಸೊಳ್ಳೆ ಬರಬಾರದೆಂದು ರಟ್ಟು ಬಡಿದಿದ್ದರು. ಮನಸ್ಸಿಗೆ ಏನೋ ಸರಿ ಅನಿಸಲಿಲ್ಲ. ಆದರೆ ಹೇಳಲಿಲ್ಲ. ಊಟಕ್ಕೆ ಅಷ್ಟು ಪ್ರೀತಿಯಿಂದ ಬಡಿಸಿದವರಿಗೆ ತಪ್ಪು ತೋರಿಸುವುದು ಹ್ಯಾಂಗ?

ಬೆಳಿಗ್ಗೆ ನಮ್ಮ ನೆಗೆಣ್ಣಿಯ ಮಗಳು ಸ್ನಾನಕ್ಕೆ ಹೋದಳು. ಹನ್ನೊಂದು ವರ್ಷದ ಹುಡುಗಿ. ಚಳಿ ಅಂತ ಬಿಸಿನೀರು ಬಿಟ್ಟುಕೊಂಡೇ ನಿಂತಿದ್ದಾಳೆ. ಎಷ್ಟು ಕೂಗಿದರೂ ಉತ್ತರವಿಲ್ಲ. ನಮ್ಮ ಮನೆಯವರು ಬಾಗಿಲು ನೂಕಿದರು. ಚಿಲಕ ಸಡಿಲವಿದ್ದದ್ದು ನಮ್ಮ ಪುಣ್ಯ. ಹುಡುಗಿ ಗೋಡೆಗೆ ಒರಗಿ ಕುಸಿದಿದ್ದಳು. ಹೊರಗೆ ತಂದು ಗಾಳಿಗೆ ಮಲಗಿಸಿದ ಮೇಲೆ ಕಣ್ಣು ಬಿಟ್ಟು ವಾಂತಿ ಮಾಡಿಕೊಂಡಳು. ‘ಹಸಿದ ಹೊಟ್ಟೆ, ಪಿತ್ತ ಆಗಿರಬೇಕು’ ಅಂದೆವು ನಾವು. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ‘ಗೀಸರ್ ಒಳಗಿತ್ತೇನಮ್ಮಾ?’ ಅಂತ. ರಾತ್ರಿಯೇ ಬಾಯಿ ಬಿಟ್ಟಿದ್ದರೆ ಅನ್ನುವ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು ಬಂದು, ಎದ್ದು ಚಿಲಕ ತೆಗೆಯುವಷ್ಟೂ ಶಕ್ತಿ ಉಳಿಯುವುದಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿನ ರೆಸಾರ್ಟಿನಲ್ಲಿ ಕೇರಳದ ಎಂಟು ಮಂದಿ ಸತ್ತದ್ದು ಹೀಗೇ. ಅವರಲ್ಲಿ ನಾಲ್ವರು ಮಕ್ಕಳು. ಚಳಿಗೆ ಬಾಗಿಲು, ಕಿಟಕಿ ಭದ್ರ ಮಾಡಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದ್ದರು. ಗೀಸರ್ ಹೊರಗಿದ್ದರೆ ಒಳ್ಳೆಯದು. ಒಳಗಿದ್ದರೆ, ಕಿಂಡಿ ತೆರೆದು ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಾಗಿಲು ತೆಗೆದಿಟ್ಟು ಆಮೇಲೆ ಸ್ನಾನ. ಮಕ್ಕಳಿದ್ದರೆ ಚಿಲಕ ಬೇಡ, ನೀವು ಹೊರಗೆ ಮಾತಾಡಿಸುತ್ತ ನಿಲ್ಲಿ. ಶಿಗಡಿಯಲ್ಲಿ ಇದ್ದಿಲು ಹಾಕಿ ಕೋಣೆಯೊಳಗೆ ತರುತ್ತೇವೆ ಅಂದರೂ ಬೇಡವೇ ಬೇಡ ಅನ್ನಿ.

ಇನ್ನು ನೀರು. 2024ರ ನವೆಂಬರ್ 17ರಂದು ಉಳ್ಳಾಲ ಹತ್ತಿರದ ಸೋಮೇಶ್ವರದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ವಿದ್ಯಾರ್ಥಿನಿಯರು ಮುಳುಗಿ ತೀರಿಹೋದರು. ಆಳದ ಕಡೆ ಸಿಲುಕಿದವಳನ್ನು ಉಳಿಸಲು ಇನ್ನೊಬ್ಬಳು, ಅವಳ ಹಿಂದೆ ಮೂರನೆಯವಳು. ಮೂವರಿಗೂ ಈಜು ಬರುತ್ತಿರಲಿಲ್ಲ, ಕಾಯುವವರೂ ಅಲ್ಲಿರಲಿಲ್ಲ. ಆಳ ಎಲ್ಲಿಂದ ಶುರು ಎಂದು ಮೊದಲೇ ಕೇಳಿಕೊಳ್ಳಿ. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಇಳಿಯಬೇಡಿ. ದುಪಟ್ಟಾ, ಸೀರೆ, ಕೋಲು, ಖಾಲಿ ಕೊಡ ಏನಾದರೂ ಎಸೆದು ಜೋರಾಗಿ ಕೂಗಿ. ನದಿಯದಂತೂ ಬೇರೆಯೇ ಲೆಕ್ಕ. 2025ರ ಫೆಬ್ರುವರಿಯಲ್ಲಿ ಸಾಣಾಪುರದ ಬಳಿ ಬಂಡೆ ಮೇಲಿಂದ ತುಂಗಭದ್ರೆಗೆ ಜಿಗಿದ ಹೈದರಾಬಾದಿನ ಯುವ ವೈದ್ಯೆ ಮತ್ತೆ ಮೇಲೆ ಬರಲಿಲ್ಲ. ಹರಿಗೋಲು ಹತ್ತುವಾಗ ‘ಐದು ನಿಮಿಷದ ದಾರಿ, ಜಾಕೆಟ್ ಯಾಕ್ರೀ’ ಅಂದರೆ ಇಳಿದು ಬನ್ನಿ.

ಅದರ ಮರು ತಿಂಗಳೇ, ಮಾರ್ಚ್ 6ರ ರಾತ್ರಿ, ಸಾಣಾಪುರದ ಹತ್ತಿರ ಎಡದಂಡೆ ಕಾಲುವೆ ಬಳಿ ನಡೆದದ್ದು ನಿಮಗೆ ನೆನಪಿರಬಹುದು. ನಮ್ಮ ಸಿಂಧನೂರಿನ ಭತ್ತಕ್ಕೆ ನೀರು ತರುವುದು ಅದೇ ಕಾಲುವೆ. ಹೋಮ್‌ಸ್ಟೇ ನಡೆಸುವ ಮಹಿಳೆ ಮತ್ತು ನಾಲ್ವರು ಅತಿಥಿಗಳು ನಕ್ಷತ್ರ ನೋಡುತ್ತ ಕುಳಿತಿದ್ದರು. ಬೈಕಿನಲ್ಲಿ ಬಂದ ಮೂವರು ಮೊದಲು ಪೆಟ್ರೋಲ್ ವಿಚಾರಿಸಿದರು, ಆಮೇಲೆ ದುಡ್ಡು ಕೇಳಿದರು. ಗಂಡಸರನ್ನು ಕಾಲುವೆಗೆ ನೂಕಿ, ಆ ಮಹಿಳೆ ಮತ್ತು ಇಸ್ರೇಲಿನ ಪ್ರವಾಸಿ ಇಬ್ಬರ ಮೇಲೂ ಅತ್ಯಾಚಾರ ಮಾಡಿದರು. ಒಡಿಶಾದ ಯುವಕ ನೀರುಪಾಲಾದ. ‘ರಾತ್ರಿ ಹೊರಗೆ ಯಾಕೆ ಹೋಗಬೇಕಿತ್ತು’ ಎಂದು ನಮ್ಮ ಓಣಿಯಲ್ಲೂ ಕೆಲವರು ಅಂದರು. ನನಗೆ ಆ ಮಾತು ಸೇರಲಿಲ್ಲ. ತಪ್ಪು ಆ ಮೂವರದು, ನಕ್ಷತ್ರ ನೋಡಿದವರದಲ್ಲ. ಜೊತೆಗೆ ಗಂಡಸರಿದ್ದರೂ, ಊರು ಬಲ್ಲ ಮನೆಯೊಡತಿಯೇ ಇದ್ದರೂ ಹೀಗಾಯಿತು ಅನ್ನುವುದನ್ನು ಮಾತ್ರ ಮರೆಯುವ ಹಾಗಿಲ್ಲ. ಆದ್ದರಿಂದ ನಾನಂತೂ ನಕ್ಷತ್ರವನ್ನು ಮಾಳಿಗೆ ಮೇಲಿಂದಲೇ ನೋಡುತ್ತೇನೆ. ಹೊರಗೆ ಹೋಗಲೇಬೇಕಿದ್ದರೆ ಕೈಯಲ್ಲಿ ಟಾರ್ಚ್, ಉಳಿದವರಿಗೆ ಹೋಗುವ ಜಾಗ ಮತ್ತು ಬರುವ ಹೊತ್ತು ಗೊತ್ತಿರಲಿ. ಎಷ್ಟೋ ಕಡೆ ಫೋನಿಗೆ ಸಿಗ್ನಲ್ಲೇ ಇರುವುದಿಲ್ಲ. 112 ಎಲ್ಲಿ ನಿಂತರೆ ಹತ್ತುತ್ತದೆ ಎಂದು ಹಗಲಲ್ಲೇ ನೋಡಿಕೊಳ್ಳಿ.

ಹಾವು ಚೇಳಿನ ಮಾತು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಆದರೂ, ನೆಲದ ಮೇಲೆ ಮಲಗಬೇಡಿ, ಸೊಳ್ಳೆಪರದೆಯ ಅಂಚನ್ನು ಗಾದಿ ಕೆಳಗೆ ಸೇರಿಸಿ. ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ನಿದ್ದೆಯಲ್ಲಿ ತಿಳಿಯುವುದೂ ಇಲ್ಲ. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು ಮಾಡದೆ, ಕೈಕಾಲು ಅಲುಗಾಡಿಸದೆ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಫೋನ್ ಮಾಡಿ.

ಮೊನ್ನೆ ನೆಗೆಣ್ಣಿಯೇ ಮುಂದಿನ ರಜೆಗೆ ಒಂದು ಹೋಮ್‌ಸ್ಟೇಗೆ ಫೋನ್ ಹಚ್ಚಿದಳು. ‘ಗೀಸರ್ ಎಲ್ಲೈತ್ರಿ? ರಾತ್ರಿ ನೀವು ಅಲ್ಲೇ ಇರ್ತೀರೇನು? ಪ್ರವಾಸೋದ್ಯಮ ಇಲಾಖೆದು ನೋಂದಣಿ ಐತೇನ್ರಿ? ಆಸ್ಪತ್ರೆ ಎಷ್ಟು ದೂರ?’

ಆ ಕಡೆಯಿಂದ ಒಬ್ಬ ಹೆಣ್ಣುಮಗಳು ನಕ್ಕಳಂತೆ. ‘ಅಕ್ಕಾರ, ಎಲ್ಲಾರೂ ಊಟಕ್ಕ ಏನೈತಿ ಅಂತ ಕೇಳ್ತಾರ, ನೀವು ಆಸ್ಪತ್ರೆ ಕೇಳಾಕತ್ತೀರಲ್ಲ!’ ಆಮೇಲೆ ಬಚ್ಚಲುಮನೆಯ ಫೋಟೊ ತೆಗೆದು ಕಳಿಸಿದ್ದಾಳೆ. ಗೀಸರ್ ಹೊರಗಡೆಯೇ ಇದೆ, ಕಿಂಡಿಗೆ ಜಾಲರಿ ಇದೆ. ಅಡ್ವಾನ್ಸ್ ಕೊಟ್ಟಿದ್ದೇವೆ.