ಗಲ್ಲಿಯಿಂದ ಟೋಳಿಗೆ: ಮುಂಬಯಿಯ ಭೂಗತ ಗುಂಪುಗಳ ಹುಟ್ಟು, ಬೆಳವಣಿಗೆ ಮತ್ತು ಮೈತ್ರಿ

ಹಫ್ತಾ, ಖಂಡಣಿ, ಸುಪಾರಿ, ಭಾಯಿ, ದಾದಾ - ಈ ಮಾತುಗಳಿಗಾಗಿ ಮುಂಬಯಿಯ ಕನ್ನಡಿಗರು ಅರ್ಥಕೋಶವನ್ನು ತೆರೆಯಬೇಕಾಗಿಲ್ಲ. ಆದರೆ ಇವುಗಳ ಮೂಲಾರ್ಥವನ್ನು ಪರಿಶೀಲಿಸಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಪಾರಸಿಯ ‘ಹಫ್ತ್’ ಎಂದರೆ ಏಳು. ಅದರಿಂದ ಬಂದ ಹಫ್ತಾ ಎಂದರೆ ವಾರ, ಆ ಬಳಿಕ ಕಂತು. ಭಾಯಿ ಎಂದರೆ ಸಹೋದರ. ಮರಾಠಿಯ ದಾದಾ ಎಂದರೆ ಅಣ್ಣ. ಸುಪಾರಿ ಎಂದರೆ ಅಡಿಕೆ. ಲಕ್ಷ ರೂಪಾಯಿಗೆ ಬಳಸುವ ‘ಪೇಟಿ’, ಕೋಟಿಗೆ ಬಳಸುವ ‘ಖೋಖಾ’ ಎರಡೂ ಸರಕು ತುಂಬುವ ಪೆಟ್ಟಿಗೆಗಳು. ಖಂಡಣಿಯಂತೂ ಮರಾಠರ ಕಾಲದಲ್ಲಿ ಸೇನೆಗಳು ಎತ್ತುತ್ತಿದ್ದ ಕಪ್ಪ. ಅಪರಾಧದ ಈ ಶಬ್ದಸಂಪತ್ತಿನಲ್ಲಿ ಅಪರಾಧವನ್ನು ಹೇಳುವ ಮಾತು ಒಂದೂ ಇಲ್ಲ. ಎಲ್ಲವೂ ಮನೆಯಿಂದ, ಮಾರುಕಟ್ಟೆಯಿಂದ, ಹಳೆಯ ಪ್ರಭುತ್ವದಿಂದ ಬಂದವು. ಯುದ್ಧಕ್ಕೆ ರಣವೀಳ್ಯ ಕೊಡುವ ಸಂಪ್ರದಾಯ ನಮ್ಮ ಕಾವ್ಯಗಳಲ್ಲಿಯೂ ಇದೆಯಾದರೂ ಕೊಲೆಯ ಗುತ್ತಿಗೆಗೆ ಕನ್ನಡ ಪತ್ರಿಕೆಗಳು ಮುಂಬಯಿಯ ಸುಪಾರಿಯನ್ನೇ ಎರವಲು ಪಡೆದವು. ಮಲೆನಾಡಿನ ಪತ್ರಿಕೆಗಳ ಪೇಟೆಧಾರಣೆಯ ಪುಟದಲ್ಲಿ ಅಡಿಕೆಯಾಗಿರುವುದು ಅಪರಾಧದ ಪುಟದಲ್ಲಿ ಸುಪಾರಿಯಾಗುತ್ತದೆ.

ಭೂಗತ ಜಗತ್ತಿನ ಕಥೆಯನ್ನು ಚಲನಚಿತ್ರಗಳೂ ಪತ್ರಿಕೆಗಳೂ ನಾಯಕರ ಕಥೆಯಾಗಿ ಹೇಳುತ್ತ ಬಂದಿವೆ. ಒಬ್ಬ ಧೈರ್ಯಶಾಲಿ, ಅವನ ಏಳಿಗೆ, ಅವನ ಪತನ - ಇಷ್ಟರಲ್ಲಿ ಕಥೆ ಮುಗಿಯುತ್ತದೆ. ಗುಂಪು ಹುಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಇದು ಉತ್ತರವಲ್ಲ. ಅಮೆರಿಕೆಯ ಸಮಾಜಶಾಸ್ತ್ರಜ್ಞ ಫ್ರೆಡರಿಕ್ ಥ್ರಾಷರ್ ಷಿಕಾಗೋ ನಗರದ ೧,೩೧೩ ಗುಂಪುಗಳನ್ನು ಅಧ್ಯಯನ ಮಾಡಿ ೧೯೨೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬೀದಿಯಲ್ಲಿ ಕೂಡಿ ಆಡುವ ಹುಡುಗರ ತಂಡವೇ ಪಕ್ಕದ ಬೀದಿಯೊಡನೆ ಸಂಘರ್ಷಕ್ಕೆ ಇಳಿದಾಗ ಗುಂಪಾಗಿ ಗಟ್ಟಿಗೊಳ್ಳುತ್ತದೆಂದು ತೋರಿಸಿದನು. ಕುಟುಂಬ, ಶಾಲೆ, ದುಡಿಮೆ ಇವುಗಳ ಹಿಡಿತ ಸಡಿಲವಾದ ನಗರದ ಸಂದಿಗಳಲ್ಲಿ ಇಂಥ ತಂಡಗಳು ಬೆಳೆಯುತ್ತವೆ ಎಂಬುದು ಅವನ ನಿಲುವು. ಮುಂಬಯಿಗೆ ಈ ಮಾತು ಅರ್ಧದಷ್ಟು ಅನ್ವಯಿಸುತ್ತದೆ. ಇನ್ನರ್ಧವನ್ನು ಇಲ್ಲಿಯ ಗಿರಣಿಗಳಲ್ಲಿ ಮತ್ತು ಕಾಯಿದೆಗಳಲ್ಲಿ ಹುಡುಕಬೇಕು.

ಮುಂಬಯಿಯ ಮೊದಲ ಹತ್ತಿಗಿರಣಿ ಸ್ಥಾಪನೆಯಾದುದು ೧೮೫೪ರಲ್ಲಿ. ಮುಂದಿನ ಅರ್ಧ ಶತಮಾನದಲ್ಲಿ ಲಾಲಬಾಗ, ಪರೇಲ, ಭಾಯಖಳ, ಚಿಂಚಪೋಕಳಿಗಳನ್ನೊಳಗೊಂಡ ಗಿರಣಗಾಂವ್ ರೂಪುಗೊಂಡಿತು. ಕೊಂಕಣದಿಂದ, ದೇಶದ ಇತರ ಭಾಗಗಳಿಂದ ಒಂಟಿಯಾಗಿ ಬಂದ ಗಂಡಸರು ಚಾಳಿನ ಒಂದೊಂದು ಖೋಲಿಯಲ್ಲಿ ಹತ್ತು ಹನ್ನೆರಡು ಮಂದಿ ಸೇರಿ ಇರುತ್ತಿದ್ದರು, ಊಟ ಖಾನಾವಳಿಯಲ್ಲಿ. ಹೀಗೆ ಬಂದವನಿಗೆ ಖೋಲಿಯಲ್ಲಿ ಜಾಗ ಕೊಡಿಸಲು, ಅಂಗಡಿಯಲ್ಲಿ ಸಾಲಕ್ಕೆ ಜಾಮೀನು ನಿಲ್ಲಲು, ಜಗಳ ಬಿಡಿಸಲು ಒಬ್ಬ ಅಣ್ಣ ಬೇಕಾಗಿದ್ದನು. ಅವನೇ ದಾದಾ. ತಾಲೀಮುಖಾನೆ ಅವನ ನೆಲೆ; ಹಬ್ಬದ ಚಂದಾ ಎತ್ತುವುದು ಅವನ ಅಧಿಕಾರ. ಇತಿಹಾಸಕಾರ ರಾಜನಾರಾಯಣ ಚಂದಾವರಕರ್ ೧೯೯೪ರ ತಮ್ಮ ಗ್ರಂಥದಲ್ಲಿ, ಈ ದಾದಾಗಳನ್ನು ಬರಿಯ ಪುಂಡರೆಂದು ಭಾವಿಸುವುದು ತಪ್ಪೆಂದು ವಿವರವಾಗಿ ತೋರಿಸಿದ್ದಾರೆ. ಮುಷ್ಕರದ ಕಾಲದಲ್ಲಿ ಕೆಲಸಗಾರರನ್ನು ಗಿರಣಿಯೊಳಕ್ಕೆ ನುಗ್ಗಿಸಲು ಮಾಲೀಕರಿಗೂ, ಅವರನ್ನು ಹೊರಗೇ ತಡೆಯಲು ಸಂಘಗಳಿಗೂ ದಾದಾನ ಸಹಾಯ ಬೇಕಾಗಿತ್ತು. ೧೯೨೮ರ ಆರು ತಿಂಗಳ ಮುಷ್ಕರದಂಥ ಸಂದರ್ಭಗಳಲ್ಲಿ ಬೀದಿಯನ್ನು ಹಿಡಿದವನೇ ಗಿರಣಿಯ ಬಾಗಿಲನ್ನೂ ಹಿಡಿಯುತ್ತಿದ್ದನು. ಅಂದರೆ ದಾದಾ ಆಗಿನ್ನೂ ನೆರೆಹೊರೆಗೆ ಉತ್ತರ ಹೇಳಬೇಕಾದವನಾಗಿದ್ದನು. ಅವನ ಬಲ ಗಲ್ಲಿಯ ಒಪ್ಪಿಗೆಯ ಮೇಲೆ ನಿಂತಿತ್ತು. ಮುಂದಿನ ಭಾಯಿಗೆ ಈ ಹಂಗು ಉಳಿಯಲಿಲ್ಲ. ಈ ಬದಲಾವಣೆಯೇ ಇಲ್ಲಿ ಮುಖ್ಯವಾದುದು.

ಸ್ವಾತಂತ್ರ್ಯಾನಂತರದ ಕೆಲವು ಕಾಯಿದೆಗಳು, ಅವುಗಳ ಆಶಯ ಎಷ್ಟೇ ಒಳ್ಳೆಯದಿದ್ದರೂ, ಗಲ್ಲಿಯ ಗುಂಪಿಗೆ ನಗರವ್ಯಾಪಿಯಾದ ಮಾರುಕಟ್ಟೆಯನ್ನು ಒದಗಿಸಿದವು. ೧೯೪೭ರ ಬಾಡಿಗೆ ನಿಯಂತ್ರಣ ಕಾಯಿದೆಯಿಂದ ಬಾಡಿಗೆ ಸ್ಥಗಿತಗೊಂಡಿತು. ಬಾಡಿಗೆದಾರನನ್ನು ನ್ಯಾಯಾಲಯದ ಮೂಲಕ ಬಿಡಿಸುವುದು ದುಸ್ತರವಾದಾಗ ಒಡೆಯನು ಗೂಂಡಾನ ಕಡೆಗೆ ನೋಡಿದನು. ೧೯೪೯ರ ಪಾನನಿಷೇಧ ಕಾಯಿದೆ ಕಳ್ಳಭಟ್ಟಿಯನ್ನು ಉದ್ಯಮವಾಗಿಸಿತು. ವಿದೇಶೀ ಸರಕಿನ ಆಮದಿಗೆ ನಿರ್ಬಂಧ. ೧೯೬೮ರ ಚಿನ್ನ ನಿಯಂತ್ರಣ ಕಾಯಿದೆಯಿಂದ ಚಿನ್ನದ ವ್ಯವಹಾರಕ್ಕೂ ಬಿಗಿ. ದುಬಾಯಿಯ ಬೆಲೆಗೂ ಮುಂಬಯಿಯ ಬೆಲೆಗೂ ಇದ್ದ ಅಂತರವೇ ಕಳ್ಳಸಾಗಣೆದಾರನ ಲಾಭವಾಯಿತು. ನ್ಯೂಯಾರ್ಕಿನ ಹತ್ತಿ ಪೇಟೆಯ ಧಾರಣೆಯ ಅಂಕಿಗಳ ಮೇಲೆ ಆಡುತ್ತಿದ್ದ ಜೂಜು, ಆ ಅಂಕಿಗಳು ನಿಂತ ಮೇಲೆ ಅರವತ್ತರ ದಶಕದ ಆರಂಭದಲ್ಲಿ ಮಡಕೆಯಿಂದ ಚೀಟಿ ಎತ್ತುವ ಮಟ್ಕಾ ಆಗಿ ಗಿರಣಿ ಕಾರ್ಮಿಕರ ನಡುವೆ ಹರಡಿತು. ಕರ್ನಾಟಕದ ಹುಬ್ಬಳ್ಳಿ, ಬೆಳಗಾವಿ, ಕರಾವಳಿಯ ಊರುಗಳಿಗೂ ಅದು ಅದೇ ಹೆಸರಿನಿಂದ ಬಂತು.

ಈ ಮಾರುಕಟ್ಟೆಯಲ್ಲಿ ಬೆಳೆದ ಮೊದಲ ತಲೆಮಾರಿನವರು ಮೂವರು. ರಾಮನಾಥಪುರದ ಕಡೆಯಿಂದ ಬಂದು ಬಂದರಿನಲ್ಲಿ ಹಮಾಲಿ ಮಾಡಿದ ಹಾಜಿ ಮಸ್ತಾನ್. ತೂತ್ತುಕುಡಿಯವನಾಗಿ ವಿಕ್ಟೋರಿಯಾ ಟರ್ಮಿನಸ್ಸಿನಲ್ಲಿ ಕೂಲಿ ಮಾಡಿದ ವರದರಾಜನ್ ಮುದಲಿಯಾರ್. ಅಫಘಾನಿಸ್ತಾನ ಮೂಲದ ಪಠಾಣ ಕರೀಂ ಲಾಲಾ. ಮಸ್ತಾನನಿಗೆ ಬಂದರು ಮತ್ತು ಕಳ್ಳಸಾಗಣೆ, ವರದರಾಜನ್‌ಗೆ ಧಾರಾವಿ, ಮಾಟುಂಗಾ ಭಾಗದ ಕಳ್ಳಭಟ್ಟಿ, ಕರೀಂ ಲಾಲಾನಿಗೆ ಬಡ್ಡಿವ್ಯವಹಾರ, ಜೂಜುಕಟ್ಟೆ, ಮನೆ ಖಾಲಿ ಮಾಡಿಸುವ ಕೆಲಸ - ಹೀಗೆ ಕ್ಷೇತ್ರಗಳು ಬೇರೆಯಾಗಿದ್ದವು. ಈ ಮೂವರ ಸ್ನೇಹವನ್ನು ಭಾಷೆ, ಮತಗಳನ್ನು ಮೀರಿದ ಸೌಹಾರ್ದವೆಂದು ಕೊಂಡಾಡಿದವರಿದ್ದಾರೆ. ವಾಸ್ತವವಾಗಿ ಅವರ ಸರಕುಗಳು ಬೇರೆಬೇರೆಯಾಗಿದ್ದುದರಿಂದ ಪೈಪೋಟಿಗೆ ಕಾರಣವಿರಲಿಲ್ಲ; ಮೈತ್ರಿ ಉಳಿದುದು ಆ ಕಾರಣಕ್ಕಾಗಿ. ೧೯೭೪ರ ಬಳಿಕ ಕಳ್ಳಸಾಗಣೆದಾರರ ಮೇಲೆ ನಡೆದ ಬಂಧನಗಳು, ತುರ್ತು ಪರಿಸ್ಥಿತಿಯ ಸೆರೆವಾಸ ಇವು ಈ ತಲೆಮಾರಿನ ಹಿಡಿತವನ್ನು ಸಡಿಲಿಸಿದವು. ಮಸ್ತಾನ್ ರಾಜಕೀಯಕ್ಕೆ ಇಳಿದನು. ವರದರಾಜನ್ ಮದರಾಸಿಗೆ ಹಿಂದಿರುಗಿ ೧೯೮೮ರಲ್ಲಿ ತೀರಿಕೊಂಡನು.

ಎರಡನೆಯ ತಲೆಮಾರಿನಲ್ಲಿ ಮೈತ್ರಿಯ ಸ್ವರೂಪ ಬದಲಾಯಿತು. ಡೋಂಗ್ರಿಯ ಪೋಲೀಸು ಹವಾಲ್ದಾರನೊಬ್ಬನ ಮಕ್ಕಳಾದ ಶಬೀರ್ ಮತ್ತು ದಾವೂದ್ ಇಬ್ರಾಹಿಂ ಪಠಾಣರೊಡನೆ ಒಂದೇ ಸರಕಿಗಾಗಿ, ಒಂದೇ ಪ್ರದೇಶಕ್ಕಾಗಿ ಸ್ಪರ್ಧೆಗೆ ಇಳಿದರು. ೧೯೮೧ರ ಫೆಬ್ರುವರಿಯಲ್ಲಿ ಪ್ರಭಾದೇವಿಯ ಪೆಟ್ರೋಲು ಬಂಕಿನಲ್ಲಿ ಶಬೀರನ ಕೊಲೆಯಾಯಿತು. ೧೯೮೩ರಲ್ಲಿ, ಆ ಕೊಲೆಯ ಆರೋಪಿಗಳಲ್ಲೊಬ್ಬನಾದ ಅಮೀರಜಾದಾನನ್ನು ನ್ಯಾಯಾಲಯದೊಳಗೇ ಗುಂಡಿಕ್ಕಿ ಕೊಲ್ಲಲಾಯಿತು. ಈ ಕೆಲಸಕ್ಕೆ ಆಳನ್ನು ಒದಗಿಸಿದವನು ಚೆಂಬೂರಿನ ಬಡಾ ರಾಜನ್ ಎಂದು ಹೆಸರಾದ ರಾಜನ್ ನಾಯರ್. ಅದೇ ವರ್ಷ ಅವನೂ ಕೊಲೆಯಾದಾಗ ಅವನ ಸ್ಥಾನಕ್ಕೆ ಬಂದವನು ಟಿಳಕನಗರದಲ್ಲಿ ಸಿನಿಮಾ ಟಿಕೇಟುಗಳನ್ನು ಕಾಳಸಂತೆಯಲ್ಲಿ ಮಾರುತ್ತಿದ್ದ ಛೋಟಾ ರಾಜನ್. ಡೋಂಗ್ರಿಗೂ ಚೆಂಬೂರಿಗೂ ನಂಟು ಬೆಳೆದುದು ಹೀಗೆ, ಸೇಡಿನ ಮೂಲಕ. ದಾವೂದ್ ಎಂಬತ್ತರ ದಶಕದ ನಡುವೆ ದುಬಾಯಿಗೆ ಹೋದ ಮೇಲೆ ಇಲ್ಲಿಯ ಆಡಳಿತವನ್ನು ನೋಡಿಕೊಳ್ಳುವವರು ಬೇಕಾಗಿ ಆ ನಂಟು ಇನ್ನಷ್ಟು ಬಲವಾಯಿತು.

ಇದೇ ಹೊತ್ತಿಗೆ ಗಿರಣಗಾಂವ್ ಕುಸಿಯುತ್ತಿತ್ತು. ೧೯೮೨ರ ಜನವರಿ ೧೮ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅದನ್ನು ವಿಧ್ಯುಕ್ತವಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಸಾವಿರಾರು ಮಂದಿ ಊರಿಗೆ ಮರಳಿದರು, ಸಾವಿರಾರು ಮಂದಿ ಕೆಲಸ ಕಳೆದುಕೊಂಡು ಚಾಳಿನಲ್ಲೇ ಉಳಿದರು. ಗಿರಣಿಯಲ್ಲಿ ತಂದೆಯ ಜಾಗಕ್ಕೆ ಮಗ ಸೇರುವ ರೂಢಿ ನಿಂತುಹೋಯಿತು. ಗುಂಪುಗಳನ್ನು ಮುಷ್ಕರವೇ ಹುಟ್ಟಿಸಿತು ಎಂಬ ಮಾತು ಪೂರ್ತಿ ಸರಿಯಲ್ಲ. ಬಾಬು ರೇಶಿಂ, ರಾಮಾ ನಾಯ್ಕ್, ಗಿರಣಿ ಕಾರ್ಮಿಕನ ಮಗನಾದ ಅರುಣ್ ಗವಳಿ ಇವರ ಭಾಯಖಳದ ಗುಂಪು ಆ ಮೊದಲೇ ತಲೆಯೆತ್ತಿತ್ತು. ಆದರೆ ಆ ಗುಂಪಿಗೆ ಆಳುಗಳ ಕೊರತೆ ಬಾರದಂತೆ ಮಾಡಿದುದು ಮುಷ್ಕರದ ಸೋಲು. ಗಣೇಶೋತ್ಸವ ಮಂಡಳಿ, ತಾಲೀಮುಖಾನೆ, ಕಬಡ್ಡಿ ತಂಡ, ಕಾರ್ಮಿಕ ಸಂಘ - ಗಲ್ಲಿಯ ಹುಡುಗನನ್ನು ಹಿಡಿದಿಟ್ಟುಕೊಂಡಿದ್ದ ಈ ಕೂಟಗಳ ಹಿಂದೆ ಇದ್ದುದು ಗಿರಣಿಯ ಸಂಬಳ. ಸಂಬಳ ಹೋದ ಮೇಲೆ ಅದೇ ಕೂಟಗಳಿಂದಲೇ ಟೋಳಿಗೆ ಹುಡುಗರು ಸಿಕ್ಕಿದರು.

ಭಾಯಖಳದವರು ಮೊದಲು ದಾವೂದನ ಮಿತ್ರರೇ ಆಗಿದ್ದರು. ೧೯೮೮ರಲ್ಲಿ ರಾಮಾ ನಾಯ್ಕ್ ಪೋಲೀಸರ ಗುಂಡಿಗೆ ಬಲಿಯಾದಾಗ, ಜಾಗವೊಂದರ ವ್ಯಾಜ್ಯದಲ್ಲಿ ತನ್ನವರ ಪಕ್ಷ ವಹಿಸಿದ ದಾವೂದನೇ ಇದರ ಹಿಂದಿದ್ದಾನೆಂದು ಗವಳಿ ನಂಬಿದನು. ಅಲ್ಲಿಂದ ಮೈತ್ರಿ ಮುರಿಯಿತು. ೧೯೯೦ರಲ್ಲಿ ಗವಳಿಯ ಅಣ್ಣನ ಕೊಲೆ, ೧೯೯೨ರ ಜುಲೈಯಲ್ಲಿ ದಾವೂದನ ಭಾವ ಇಬ್ರಾಹಿಂ ಪಾರಕರನ ಕೊಲೆ, ಸಪ್ಟೆಂಬರ್ ೧೨ರಂದು ಜೆ.ಜೆ. ಆಸ್ಪತ್ರೆಯೊಳಗೆ ನಡೆದ ಪ್ರತೀಕಾರ - ಇವು ಒಂದೇ ಸರಪಳಿಯ ಕೊಂಡಿಗಳು. ೧೯೯೩ರ ಮಾರ್ಚ್ ೧೨ರ ಸರಣಿ ಸ್ಫೋಟಗಳಲ್ಲಿ ೨೫೭ ಮಂದಿ ಸತ್ತರು. ಆ ಸಂಚಿನ ಮುಖ್ಯ ಆರೋಪಿಗಳಲ್ಲಿ ದಾವೂದನೂ ಇದ್ದನು. ಆ ಬಳಿಕ ಛೋಟಾ ರಾಜನ್ ಅವನಿಂದ ಬೇರೆಯಾದನು. ಈ ಬಿರುಕಿಗೆ ಮತದ ಬಣ್ಣ ಬಂದುದು ಆಗ. ಅದಕ್ಕೆ ಮುನ್ನ ದಶಕದಷ್ಟು ಕಾಲ ಎರಡು ಮತದವರೂ ಎರಡು ಪಾಳೆಯಗಳಲ್ಲೂ ಇದ್ದರೆಂಬುದನ್ನೂ, ಹಣದ ಪಾಲು, ಅಧಿಕಾರದ ಪಾಲು ಅದಕ್ಕೂ ಮೊದಲೇ ಕದಡಿದ್ದವೆಂಬುದನ್ನೂ ಮರೆಯಬಾರದು.

ಷಿಕಾಗೋದ ಹೋಲಿಕೆ ಇಲ್ಲಿ ಮತ್ತೊಮ್ಮೆ ನೆರವಾಗುತ್ತದೆ. ಅಲ್ಲಿಯ ಗುಂಪುಗಳು ಎಪ್ಪತ್ತರ ದಶಕದ ಕೊನೆಗೆ ಸೆರೆಮನೆಗಳೊಳಗೆ ‘ಪೀಪಲ್’ ಮತ್ತು ‘ಫೋಕ್’ ಎಂಬ ಎರಡು ಮಹಾಮೈತ್ರಿಗಳಾಗಿ ಒಗ್ಗೂಡಿದವು. ಒಂದಕ್ಕೆ ಐದು ಮೂಲೆಯ ನಕ್ಷತ್ರ, ಇನ್ನೊಂದಕ್ಕೆ ಆರು ಮೂಲೆಯದು. ಒಂದರವರು ಟೊಪ್ಪಿಗೆಯನ್ನು ಎಡಕ್ಕೆ ವಾಲಿಸಿದರೆ ಇನ್ನೊಂದರವರು ಬಲಕ್ಕೆ. ಮುಂಬಯಿಯ ಟೋಳಿಗೆ ಇಂಥ ಧ್ವಜವಾಗಲಿ ಲಾಂಛನವಾಗಲಿ ಇರಲಿಲ್ಲ. ಇಲ್ಲಿಯ ಮೈತ್ರಿ ವ್ಯಾಪಾರದ ಪಾಲುದಾರಿಕೆ. ಪಾಲಿನಲ್ಲಿ ವ್ಯತ್ಯಾಸ ಬಂದ ದಿನ ಅದು ಮುಗಿಯುತ್ತಿತ್ತು. ಒಂದು ಬದಿಯಲ್ಲಿದ್ದವನು ಇನ್ನೊಂದು ಬದಿಗೆ ಹೋದುದಕ್ಕೆ ಇಲ್ಲಿ ಲೆಕ್ಕವಿಲ್ಲ.

ಚಿನ್ನ ನಿಯಂತ್ರಣ ಕಾಯಿದೆ ೧೯೯೦ರಲ್ಲಿ ರದ್ದಾಯಿತು. ಉದಾರೀಕರಣದೊಡನೆ ಆಮದಿನ ಬಿಗಿಯೂ ಸಡಿಲಿತು. ಕಳ್ಳಸಾಗಣೆಯ ಲಾಭ ಕುಗ್ಗಿದಾಗ ಗುಂಪುಗಳು ಸುಲಿಗೆಯ ಕಡೆಗೆ ತಿರುಗಿದವು. ಇದೇ ಕಾಲದಲ್ಲಿ, ೧೯೯೧ರ ನಿಯಮಗಳ ಬಳಿಕ, ಗಿರಣಿಗಳ ಭೂಮಿ ಮಾರಾಟಕ್ಕೆ ಬರುವ ದಾರಿ ತೆರೆಯಿತು. ೧೯೯೪ರಲ್ಲಿ ಗಿರಣಿಯ ಒಡೆಯ ಸುನೀತ್ ಖಟಾವ್, ೧೯೯೭ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಇಬ್ಬರೂ ಗುಂಡಿಗೆ ಬಲಿಯಾದರು. ಹಿಂದೆ ಗಿರಣಿಯ ಬಾಗಿಲಲ್ಲಿ ದಾದಾನ ಸಹಾಯ ಕೋರುತ್ತಿದ್ದ ಎರಡು ಪಕ್ಷಗಳೂ ಹೀಗೆ ಒಂದೇ ಬಗೆಯ ಸಾವನ್ನು ಕಂಡವು. ಬೆದರಿಕೆ ಈಗ ದೂರವಾಣಿಯಲ್ಲಿ ಬರುತ್ತಿತ್ತು. ಕರೆ ಮಾಡಿದವನು ಯಾವ ದೇಶದಲ್ಲಿದ್ದಾನೆಂಬುದು ತಿಳಿಯುತ್ತಿರಲಿಲ್ಲ. ಗಲ್ಲಿಗೆ ಅವನು ಉತ್ತರ ಹೇಳಬೇಕಾಗಿಯೂ ಇರಲಿಲ್ಲ.

ಈ ಕರೆಗಳನ್ನು ಕೇಳಿದವರಲ್ಲಿ ಕರಾವಳಿಯಿಂದ ಬಂದು ಹೋಟೆಲು, ಬಾರುಗಳನ್ನು ಕಟ್ಟಿದ ತುಳು ಕನ್ನಡಿಗರೂ ಸೇರಿದ್ದರು. ರಾತ್ರಿ ಹೊತ್ತಿನವರೆಗೆ ತೆರೆದಿರುವ, ದಿನದ ವಸೂಲಿಯನ್ನು ನಗದಾಗಿ ಕೈಯಲ್ಲಿಟ್ಟುಕೊಂಡಿರುವ, ಪರವಾನಗಿಗಳಿಗಾಗಿ ಹಲವು ಕಚೇರಿಗಳ ದಾಕ್ಷಿಣ್ಯದಲ್ಲಿರುವ ಉದ್ಯಮ ಸುಲಿಗೆಗೆ ಸುಲಭದ ತುತ್ತು. ಅದೇ ಕರಾವಳಿಯ ಕೆಲವರು ಆಚೆಯ ಬದಿಯಲ್ಲೂ ಇದ್ದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ದಾವೂದನ ಆಪ್ತನಾಗಿದ್ದ ಶರದ್ ಶೆಟ್ಟಿಯನ್ನು ೨೦೦೩ರ ಜನವರಿಯಲ್ಲಿ ದುಬಾಯಿಯಲ್ಲಿ ಕೊಲ್ಲಲಾಯಿತು. ಛೋಟಾ ರಾಜನ್ ಗುಂಪಿನಿಂದ ಸಿಡಿದು ಸ್ವತಂತ್ರನಾದ, ಉಡುಪಿಯ ಮಲ್ಪೆ ಮೂಲದ ರವಿ ಪೂಜಾರಿ ೨೦೧೯ರಲ್ಲಿ ಸೆನೆಗಲ್ಲಿನಲ್ಲಿ ಸೆರೆಸಿಕ್ಕಿ, ೨೦೨೦ರಲ್ಲಿ ಬೆಂಗಳೂರಿಗೆ ತರಲ್ಪಟ್ಟನು. ಹೋಟೆಲಿನಲ್ಲಿ ಲೋಟ ತೊಳೆಯಲು ಬಂದ ಹುಡುಗನಿಗೆ ಈ ನಗರದಲ್ಲಿ ಇನ್ನೊಂದು ಆಸರೆಯೂ ಇತ್ತು. ಕನ್ನಡ ಸಂಘ ಸಂಸ್ಥೆಗಳು ನಡೆಸಿದ ರಾತ್ರಿ ಶಾಲೆಗಳು ಹಗಲು ದುಡಿದವರಿಗೆ ರಾತ್ರಿ ಅಕ್ಷರ ಕಲಿಸಿದವು. ಆ ಮೂಲಕ ಗುಮಾಸ್ತರೂ ವಕೀಲರೂ ಉದ್ಯಮಿಗಳೂ ಆದವರು ಅನೇಕರು. ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಇವಕ್ಕೆ ಸಲ್ಲಬೇಕಾದ ಸ್ಥಾನ ಸಭೆಯ ಸ್ವಾಗತಭಾಷಣಗಳಲ್ಲಿ ಮಾತ್ರ ಸಲ್ಲುತ್ತಿದೆ.

೧೯೯೯ರ ಮಹಾರಾಷ್ಟ್ರ ಸಂಘಟಿತ ಅಪರಾಧ ನಿಯಂತ್ರಣ ಕಾಯಿದೆ, ಅದರ ಮಾದರಿಯಲ್ಲಿ ಕರ್ನಾಟಕ ರೂಪಿಸಿದ ೨೦೦೦ದ ಕಾಯಿದೆ, ಪೋಲೀಸರ ‘ಎನ್‌ಕೌಂಟರು’ಗಳು - ಇವುಗಳಿಂದ ಗುಂಪುಗಳು ಕುಗ್ಗಿದವು ಎಂಬುದು ರೂಢಿಯ ವಿವರಣೆ. ಎನ್‌ಕೌಂಟರುಗಳಲ್ಲಿ ಕೆಲವು ಕೊಲೆಗಳೇ ಎಂಬ ಆರೋಪ ನ್ಯಾಯಾಲಯಗಳವರೆಗೂ ಹೋಯಿತು. ನಿಷಿದ್ಧ ಸರಕಿನ ಮಾರುಕಟ್ಟೆಯೇ ಕರಗಿದುದು ಇನ್ನೊಂದು ಕಾರಣ. ಬಹುಶಃ ದೊಡ್ಡ ಕಾರಣವೂ ಅದೇ. ೧೯೯೭ರಲ್ಲಿ ಪಕ್ಷ ಕಟ್ಟಿದ ಗವಳಿ ೨೦೦೪ರಲ್ಲಿ ಶಾಸಕನಾಗಿ, ನಗರಸೇವಕನೊಬ್ಬನ ಕೊಲೆಯ ಮೊಕದ್ದಮೆಯಲ್ಲಿ ೨೦೧೨ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದನು. ಛೋಟಾ ರಾಜನ್ ೨೦೧೫ರಲ್ಲಿ ಇಂಡೊನೇಷ್ಯದ ಬಾಲಿಯಲ್ಲಿ ಬಂಧಿತನಾದನು.

ಮುಂಬಯಿಯ ಕನ್ನಡ ಕಥನಸಾಹಿತ್ಯ ಈ ನಗರದ ಹಲವು ಮುಖಗಳನ್ನು ಕಂಡಿದೆ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾರ್ಮಿಕರ ಹೋರಾಟವನ್ನು, ಯಶವಂತ ಚಿತ್ತಾಲರ ‘ಶಿಕಾರಿ’ ಉದ್ಯಮಸಂಸ್ಥೆಯೊಳಗಿನ ಬೇಟೆಯನ್ನು, ಜಯಂತ ಕಾಯ್ಕಿಣಿಯವರ ಕಥೆಗಳು ಚಾಳು ಗಲ್ಲಿಗಳ ಬಾಳನ್ನು ಹಿಡಿದಿವೆ. ದಾದಾಗಿರಿಯ ಒಳಗಿನಿಂದ ಬರೆದ ಹೆಸರಾಂತ ಕೃತಿ ಮಾತ್ರ ಕನ್ನಡಕ್ಕೆ ಬೆಂಗಳೂರಿನಿಂದ ಬಂತು, ಅಗ್ನಿ ಶ್ರೀಧರರ ‘ದಾದಾಗಿರಿಯ ದಿನಗಳು’. ಮುಂಬಯಿಯಲ್ಲಿ ಹಫ್ತಾ ಕೊಟ್ಟ ಹೋಟೆಲಿನ ಒಡೆಯನ, ಕೊಡಲಾರದೆ ಅಂಗಡಿ ಮುಚ್ಚಿ ಊರಿಗೆ ಮರಳಿದವನ ಅನುಭವ ಬಹುಮಟ್ಟಿಗೆ ಮಾತಿನಲ್ಲಿಯೇ ಉಳಿದಿದೆ. ಅದನ್ನು ಹೇಳಬಲ್ಲವರಿಗೆ ಈಗ ಎಪ್ಪತ್ತು, ಎಂಬತ್ತರ ವಯಸ್ಸು.