ಟೈಮಿಂಗ್ ಬೆಲ್ಟ್ ತುಂಡಾದರೆ ಕಾರನ್ನು ಎಳೆದು ಸ್ಟಾರ್ಟ್ ಮಾಡಬೇಡಿ

ಬಹುತೇಕ ಟ್ರ್ಯಾಕ್ಟರುಗಳ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟಿನಿಂದ ಕ್ಯಾಮ್ ಶಾಫ್ಟಿಗೆ ಚಲನೆ ಸಾಗುವುದು ಉಕ್ಕಿನ ಹಲ್ಲುಚಕ್ರಗಳ ಮೂಲಕ. ಆದುದರಿಂದ ಟ್ರ್ಯಾಕ್ಟರು ಬಳಸಿ ರೂಢಿಯಾದ ರೈತರಿಗೆ ಟೈಮಿಂಗ್ ಬೆಲ್ಟಿನ ಪರಿಚಯ ಕಡಿಮೆ. ಈಗ ಅನೇಕ ರೈತರ ಮನೆಗಳಲ್ಲಿ ಹೊಸದೋ ಹಳೆಯದೋ ಒಂದು ಕಾರು ಇರುತ್ತದೆ. ಮಾರುತಿ 800, ಇಂಡಿಕಾ ಡೀಸೆಲ್, ಡಸ್ಟರ್ ಡೀಸೆಲ್ ಮುಂತಾದ ಕಾರುಗಳಲ್ಲಿ ಹಲ್ಲುಚಕ್ರಗಳ ಕೆಲಸವನ್ನು ಹಲ್ಲುಗಳುಳ್ಳ ರಬ್ಬರ್ ಬೆಲ್ಟೊಂದು ಮಾಡುತ್ತದೆ. ಸ್ವಿಫ್ಟ್ ಡೀಸೆಲ್‌ನಲ್ಲಿ ಬೆಲ್ಟಿನ ಬದಲು ಸರಪಳಿ ಇದೆ. ನಿಮ್ಮ ವಾಹನದಲ್ಲಿ ಯಾವುದಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗಬೇಕು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಒರಳಿನಲ್ಲಿ ಒನಕೆ ಮೇಲೆದ್ದಾಗ ಕೈಹಾಕಿ ಕಾಳು ನೂಕಿ, ಒನಕೆ ಇಳಿಯುವ ಮುನ್ನ ಕೈ ತೆಗೆಯುವಂತೆಯೇ ಇದು. ಪಿಸ್ಟನ್ ಒನಕೆ, ವಾಲ್ವು ಕೈ. ಬೆಲ್ಟ್ ತುಂಡಾದೊಡನೆ ಕ್ಯಾಮ್ ಶಾಫ್ಟ್ ನಿಂತುಬಿಡುತ್ತದೆ, ಕೆಲವು ವಾಲ್ವುಗಳು ತೆರೆದೇ ಉಳಿಯುತ್ತವೆ. ಪಿಸ್ಟನ್ನುಗಳು ಮಾತ್ರ ಓಟದ ರಭಸಕ್ಕೆ ಇನ್ನೂ ಏರುತ್ತಿರುತ್ತವೆ. ಬಡಿತಕ್ಕೆ ವಾಲ್ವು ಬಾಗುತ್ತದೆ, ಪಿಸ್ಟನ್ನಿನ ತಲೆಯಲ್ಲಿ ಕುಳಿ ಬೀಳುತ್ತದೆ. ಕೆಲವು ಪೆಟ್ರೋಲ್ ಎಂಜಿನ್ನುಗಳಲ್ಲಿ ಎರಡರ ನಡುವೆ ಸಾಕಷ್ಟು ಜಾಗವಿದ್ದು ಹಾನಿಯಾಗುವುದಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಹಳ ಒತ್ತಬೇಕಾದ್ದರಿಂದ ಈ ಜಾಗ ತೀರ ಕಿರಿದು.

ನಮ್ಮಲ್ಲಿ ಹೆಚ್ಚು ಕೇಡಾಗುವುದು ಬೆಲ್ಟ್ ತುಂಡಾದ ನಂತರವೇ ಎಂದು ನನ್ನ ಅಭಿಪ್ರಾಯ. ಕಾರು ಸ್ಟಾರ್ಟ್ ಆಗದಿದ್ದರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು, ಗೇರಿಗೆ ಹಾಕಿ ಕ್ಲಚ್ ಬಿಡುವುದು ಹಳ್ಳಿಗಳಲ್ಲಿ ರೂಢಿ. ನಿಧಾನವಾಗಿ ತಿರುಗುವಾಗ ಬೆಲ್ಟ್ ತುಂಡಾಗಿದ್ದರೆ ಒಂದೆರಡು ವಾಲ್ವುಗಳಷ್ಟೇ ಕೆಟ್ಟಿರಬಹುದು. ಹೀಗೆ ಎಳೆದರೆ ಉಳಿದವೂ ಬಾಗುತ್ತವೆ. ಓಡುತ್ತಿದ್ದ ಎಂಜಿನ್ನು ತಟಕ್ಕನೆ ನಿಂತು, ಕೀಲಿ ತಿರುಗಿಸಿದಾಗ ಸ್ಟಾರ್ಟರು ಭಾರವಿಲ್ಲದೆ ಎಂದಿಗಿಂತ ವೇಗವಾಗಿ ತಿರುಗಿದ ಸದ್ದು ಬಂದರೆ ಬೆಲ್ಟ್ ತುಂಡಾಗಿರುವ ಸಂಭವ ಹೆಚ್ಚು. ಮತ್ತೆ ಕೀಲಿ ತಿರುಗಿಸಬೇಡಿ. ಗೇರನ್ನು ನ್ಯೂಟ್ರಲಿನಲ್ಲಿಟ್ಟೇ ಗ್ಯಾರೇಜಿಗೆ ಸಾಗಿಸಿ.

ಬೆಲ್ಟನ್ನು ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ವರ್ಷಕ್ಕೆ ಬದಲಿಸಬೇಕೆಂದು ವಾಹನದ ಕೈಪಿಡಿಯಲ್ಲಿ ಕೊಟ್ಟಿರುತ್ತದೆ. ಯಾವುದು ಮೊದಲು ಬರುವುದೋ ಅದು. ರೈತರ ಕಾರು ಸಂತೆಗೆ, ಮದುವೆಗೆ ಎಂದು ಓಡುವುದು ಸ್ವಲ್ಪವೇ. ಮೀಟರು ನೋಡಿ ನಿಶ್ಚಿಂತರಾಗಿರುತ್ತಾರೆ, ಆದರೆ ನಿಂತಲ್ಲೇ ರಬ್ಬರು ಹಳತಾಗುತ್ತದೆ. ಎಂಜಿನ್ ಆಯಿಲ್ ಸೋರಿ ಮೇಲೆ ಬಿದ್ದರೂ ಬೆಲ್ಟ್ ಬೇಗ ಕೆಡುತ್ತದೆ. ಅದರ ಮುಚ್ಚಳ ಒಡೆದಿದ್ದರೆ ಕಣದ ಧೂಳು, ಹೊಟ್ಟು ಒಳಸೇರುತ್ತವೆ. ಬೆಲ್ಟಿನ ಜೊತೆಗೆ ಅದನ್ನು ಬಿಗಿಹಿಡಿಯುವ ರಾಟೆಯನ್ನೂ ಬದಲಿಸುವುದು ಲೇಸು. ರಾಟೆಯ ಬೇರಿಂಗು ಹಿಡಿದುಕೊಂಡರೆ ಹೊಸ ಬೆಲ್ಟೂ ಉಳಿಯದು.

ಹಾಕುವಾಗ ಗುರುತು ತಪ್ಪಿದರೂ ಕಷ್ಟವೇ. ಒಂದು ಹಲ್ಲು ತಪ್ಪಿದರೆ ಎಳೆತ ಕುಗ್ಗಬಹುದು, ಹೊಗೆ ಬರಬಹುದು. ಹೆಚ್ಚು ತಪ್ಪಿದರೆ ವಾಲ್ವಿಗೇ ಪೆಟ್ಟು. ಹೊಸ ಬೆಲ್ಟ್ ಹಾಕಿದ ಮೇಲೆ ಕೀಲಿ ತಿರುಗಿಸುವ ಮುನ್ನ ಕ್ರ್ಯಾಂಕ್ ಶಾಫ್ಟನ್ನು ಸ್ಪ್ಯಾನರಿನಿಂದ ಎರಡು ಪೂರ್ಣ ಸುತ್ತು ನಿಧಾನವಾಗಿ ತಿರುಗಿಸಿ, ಗುರುತುಗಳು ಮತ್ತೆ ಕೂಡಿವೆಯೇ ಎಂದು ನೋಡಲು ಮೆಕ್ಯಾನಿಕ್ಕರಿಗೆ ಹೇಳಿ. ನಡುವೆ ಎಲ್ಲಾದರೂ ತಡೆದರೆ ಬಲವಂತವಾಗಿ ತಿರುಗಿಸದೆ ಬೆಲ್ಟ್ ಬಿಚ್ಚಿ ಮತ್ತೆ ಹೊಂದಿಸಬೇಕು.